ಹತ್ತನೆಯ ತಾರೀಖು

1983ರಲ್ಲಿ ನಾನು ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಸೇರಿದಾಗ ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಚಪ್ಪಲಿಯನ್ನು ಹೊರಗೆ ಬಿಟ್ಟು ಹೋಗಬೇಕಾಗಿತ್ತು. ಹಾಗೆ ಒಳಗೆ ಕೂರುವ ಅವಕಾಶವೂ ಒಬ್ಬೊಬ್ಬರಿಗೆ ವಾರಕ್ಕೆ ಅರ್ಧ ಗಂಟೆ ಮಾತ್ರ ಸಿಗುತ್ತಿತ್ತು. ಆಗ ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಲು ಇನ್ನೂ 15 ವರ್ಷ ಬಾಕಿ ಇತ್ತು, ಪಠ್ಯದಲ್ಲಿದ್ದ ಪ್ರೋಗ್ರಾಮಿಂಗ್ ಭಾಷೆ ಫೋರ್ಟ್ರಾನ್. ಅದರ ಪ್ರತಿ ಸಾಲನ್ನೂ 80 ಮನೆಗಳ ಕೋಡಿಂಗ್ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆಯಬೇಕಾಗಿತ್ತು. ಮೊದಲ 5 ಮನೆಗಳು ಸಾಲಿನ ಸಂಖ್ಯೆಗೆ, 6ನೆಯದು ಹಿಂದಿನ ಸಾಲಿನ ಮುಂದುವರಿಕೆ ಎಂಬ ಗುರುತಿಗೆ, 7ರಿಂದ 72ರವರೆಗಿನವು ಆದೇಶಕ್ಕೆ ಮೀಸಲು. ಒಂದು ಅಕ್ಷರ ಈ ಗಡಿಗಳನ್ನು ದಾಟಿ ಒಂದು ಮನೆ ಸರಿದರೂ ಯಂತ್ರ ಅದನ್ನು ಒಪ್ಪುತ್ತಿರಲಿಲ್ಲ, ಒಪ್ಪದಿದ್ದರೆ ಮುಂದಿನ ವಾರದವರೆಗೆ ಕಾಯುವುದಲ್ಲದೆ ಬೇರೆ ದಾರಿ ಇರಲಿಲ್ಲ.

ನಮಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಗುರುಗಳು ಆ ಅರ್ಧ ಗಂಟೆಗೂ ಒಂದು ಷರತ್ತು ಇಟ್ಟಿದ್ದರು. ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಕೊಡುವ ಮೊದಲು ಕಾಗದದ ಮೇಲೆ ಕೈಯಿಂದ ನಡೆಸಿ ತೋರಿಸಬೇಕು. ಪ್ರತಿಯೊಂದು ಚರಾಂಶಕ್ಕೂ, ಅಂದರೆ ಬೆಲೆ ಬದಲಾಗುತ್ತ ಹೋಗುವ ಪ್ರತಿಯೊಂದು ಹೆಸರಿಗೂ, ಒಂದು ಕಾಲಂ, ಪ್ರತಿಯೊಂದು ಹೆಜ್ಜೆಗೂ ಒಂದು ಸಾಲು. ಯಾವ ಹೆಜ್ಜೆಯಲ್ಲಿ ಯಾವುದರ ಬೆಲೆ ಎಷ್ಟಾಯಿತು ಎಂದು ಬರೆಯುತ್ತ ಹೋಗಿ ಕೊನೆಯ ಉತ್ತರ ಬಂದಮೇಲೆ ಅವರ ಸಹಿ ಬೀಳುತ್ತಿತ್ತು, ಸಹಿ ಇಲ್ಲದ ಹಾಳೆಯನ್ನು ಲ್ಯಾಬಿನ ಸಹಾಯಕರು ಮುಟ್ಟುತ್ತಿರಲಿಲ್ಲ. ಪುಸ್ತಕದಲ್ಲಿ ಅದರ ಹೆಸರು ಡ್ರೈ ರನ್. ನಾವು ‘ಟೇಬಲ್ ಹಾಕುವುದು’ ಎನ್ನುತ್ತಿದ್ದೆವು. ಸಹಿ ಹಾಕುವ ಮೊದಲು ಅವರು ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಗಡಿಯ ಮೇಲೆ ನಿಂತ ಸಂಖ್ಯೆ ಯಾವ ಕಡೆಗೆ ಸೇರುತ್ತದೆ?” 35 ಅಂಕ ಬಂದರೆ ಪಾಸು ಎಂಬ ಪ್ರೋಗ್ರಾಮಿಗೆ ನಾವು 20ನ್ನೂ 60ನ್ನೂ ಕೊಟ್ಟು ನೋಡುತ್ತಿದ್ದೆವು. ಅವರು ಮೊದಲು ಕೊಡುತ್ತಿದ್ದದ್ದು 35ನ್ನು.

ನನಗೆ ಈ ಟೇಬಲ್ ಹಾಕುವ ಕೆಲಸ ಬೇಸರವೆನಿಸಲಿಲ್ಲ, ಅದಕ್ಕೆ ಕಾರಣ ನಮ್ಮ ಮನೆ. ಅಪ್ಪ ಮಂಡಿಪೇಟೆಯಲ್ಲಿ ಹುಣಸೆಹಣ್ಣು ಮತ್ತು ಕೊಬ್ಬರಿಯ ವ್ಯಾಪಾರ ಮಾಡುತ್ತಿದ್ದ ಒಂದು ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಆಯಾ ದಿನ ನಡೆದದ್ದನ್ನೆಲ್ಲ ನಡೆದ ಕ್ರಮದಲ್ಲೇ ಕಿರ್ದಿಯಲ್ಲಿ ಬರೆದು, ರಾತ್ರಿ ಊಟವಾದ ಮೇಲೆ ಅದನ್ನು ಒಬ್ಬೊಬ್ಬ ರೈತನ ಖಾತೆಗೆ ಏರಿಸಿ, ಎರಡೂ ಕಡೆಯ ಮೊತ್ತ ತಾಳೆಯಾದ ಮೇಲೆಯೇ ಅವರು ಮಲಗುತ್ತಿದ್ದರು. ಮುಂದೆ ಕೆಲಸಕ್ಕೆ ಸೇರಿದಾಗ ವಹಿವಾಟಿನ ಫೈಲು ಬೇರೆ, ಮಾಸ್ಟರ್ ಫೈಲು ಬೇರೆ, ಮೊದಲನೆಯದರಿಂದ ಎರಡನೆಯದನ್ನು ಪರಿಷ್ಕರಿಸಬೇಕು ಎಂದು ಯಾರೋ ವಿವರಿಸತೊಡಗಿದಾಗ, ಇದು ನಮ್ಮ ಮನೆಯ ಕಿರ್ದಿ ಮತ್ತು ಖಾತೆಯೇ ಅಲ್ಲವೇ ಎಂದು ನನಗೆ ತಟ್ಟನೆ ಹೊಳೆದಿತ್ತು.

1987ರಲ್ಲಿ ಪದವಿ ಮುಗಿಸಿ ಬೆಂಗಳೂರಿನ ಒಂದು ಚಿಕ್ಕ ಸಂಸ್ಥೆಗೆ ಸೇರಿದೆ. ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ ಆಗ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿ 1984ರಲ್ಲಿ ಕೊಟ್ಟಿದ್ದ ವರದಿಯಂತೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬರತೊಡಗಿದ್ದ ಕಾಲ ಅದು. ಒಂದೊಂದು ಯಂತ್ರವೂ ಒಂದೊಂದು ಕೌಂಟರಿನ ಖಾತೆಗಳನ್ನು ಮಾತ್ರ ನೋಡಿಕೊಳ್ಳುತ್ತಿತ್ತು, ಒಂದಕ್ಕೊಂದು ಸಂಪರ್ಕವಿರಲಿಲ್ಲ. ನೌಕರರ ಸಂಘಗಳು ಕಂಪ್ಯೂಟರೀಕರಣವನ್ನು ವಿರೋಧಿಸಿ, ಎಷ್ಟು ಯಂತ್ರ, ಯಾವ ಕೆಲಸಕ್ಕೆ ಎಂಬುದರ ಮೇಲೆ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡಿದ್ದವು. ಅಂಥ ವಾತಾವರಣದಲ್ಲಿ ನಾನು ನಮ್ಮ ಜಿಲ್ಲೆಯದೇ ಒಂದು ತಾಲ್ಲೂಕು ಕೇಂದ್ರದ ಶಾಖೆಗೆ, ಉಳಿತಾಯ ಖಾತೆಗಳ ಬಡ್ಡಿ ಲೆಕ್ಕ ಹಾಕುವ ಪ್ರೋಗ್ರಾಮನ್ನು ಹಿಡಿದುಕೊಂಡು ಹೋದೆ. ವ್ಯವಸ್ಥಾಪಕರು ಕುರ್ಚಿ ತೋರಿಸಿದರೇ ಹೊರತು ಮಾತಾಡಲಿಲ್ಲ. 22 ವರ್ಷದ ಹುಡುಗಿಯೊಬ್ಬಳು ಬಂದು ತಮ್ಮ ಕೆಲಸವನ್ನು ಕಿತ್ತುಕೊಳ್ಳುತ್ತಾಳೆಂಬ ಭಾವ ಅಲ್ಲಿನ ಎಲ್ಲರ ಮುಖದಲ್ಲಿತ್ತು, ಅವರ ಆ ಆತಂಕವನ್ನು ನಾನು ಇಂದಿಗೂ ತಪ್ಪೆನ್ನಲಾರೆ.

ಆ ಶಾಖೆಯಲ್ಲಿ ಹಿರಿಯ ಗುಮಾಸ್ತರೊಬ್ಬರಿದ್ದರು, ಎಲ್ಲರೂ ಅವರನ್ನು ರಾಯರೇ ಎಂದು ಕರೆಯುತ್ತಿದ್ದರು. ಆ ಕಾಲದ ನಿಯಮದಂತೆ ಉಳಿತಾಯ ಖಾತೆಗೆ ಬಡ್ಡಿ ಸಿಗುತ್ತಿದ್ದದ್ದು ಪ್ರತಿ ತಿಂಗಳ 10ನೇ ತಾರೀಖಿನಿಂದ ತಿಂಗಳ ಕೊನೆಯ ದಿನದವರೆಗೆ ಇದ್ದ ಅತ್ಯಂತ ಕಡಿಮೆ ಶಿಲ್ಕಿನ, ಅಂದರೆ ಖಾತೆಯಲ್ಲಿ ಉಳಿದಿದ್ದ ಹಣದ, ಮೇಲೆ. 10ರ ಒಳಗೆ ಹಣ ಕಟ್ಟಿದರೆ ಆ ತಿಂಗಳ ಬಡ್ಡಿಗೆ ಅದು ಲೆಕ್ಕಕ್ಕೆ ಬರುತ್ತಿತ್ತು, 11ರಂದು ಕಟ್ಟಿದರೆ ಬರುತ್ತಿರಲಿಲ್ಲ. ಅದನ್ನು ಬಲ್ಲವರು 9ರಂದೋ 10ರಂದೋ ಸಾಲಾಗಿ ಬಂದು ನಿಲ್ಲುತ್ತಿದ್ದರು. ರಾಯರು ಅರ್ಧ ವರ್ಷಕ್ಕೊಮ್ಮೆ ನೂರಾರು ಖಾತೆಗಳ ಒಂದೊಂದು ತಿಂಗಳ ಕನಿಷ್ಠ ಶಿಲ್ಕನ್ನು ಹೆಕ್ಕಿ, ಕೂಡಿ, ಬಡ್ಡಿಯ ಕೋಷ್ಟಕ ನೋಡಿ ಲೆಡ್ಜರಿನಲ್ಲಿ ಕೆಂಪು ಶಾಯಿಯಿಂದ ಬರೆಯುತ್ತಿದ್ದರು. ನನ್ನ ಪ್ರೋಗ್ರಾಂ ಅದೇ ಲೆಕ್ಕವನ್ನು ಒಂದು ಸಂಜೆಯಲ್ಲಿ ಮುಗಿಸಿತು. ಮುದ್ರಿತ ಪಟ್ಟಿಯನ್ನು ಅವರು ಮನೆಗೆ ತೆಗೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ಅವರು ನನ್ನ ಮುಂದೆ ಪಟ್ಟಿಯನ್ನಿಟ್ಟು, ಪೆನ್ಸಿಲಿನಿಂದ ಗುರುತು ಹಾಕಿದ್ದ ಹನ್ನೊಂದು ಹೆಸರುಗಳನ್ನು ತೋರಿಸಿ, “ಇಷ್ಟು ಜನಕ್ಕೆ ಬಡ್ಡಿ ಕಮ್ಮಿ ಬಂದಿದೆ ತಾಯಿ, ಎಲ್ಲರೂ ಹತ್ತರಂದೇ ಕಟ್ಟಿದವರು” ಎಂದರು. ಧ್ವನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ನನ್ನ ಪ್ರೋಗ್ರಾಂ 10ರಂದು ಬಂದ ಹಣವನ್ನು 10ರ ನಂತರ ಬಂದ ಹಣವೆಂದು ಎಣಿಸಿತ್ತು. 300 ರೂಪಾಯಿ ಇದ್ದ ಖಾತೆಗೆ 10ರಂದು 500 ರೂಪಾಯಿ ಕಟ್ಟಿದವರಿಗೆ 800ರ ಮೇಲೆ ಕೊಡಬೇಕಾದ ಬಡ್ಡಿಯನ್ನು 300ರ ಮೇಲೆ ಕೊಟ್ಟಿತ್ತು. ಟೇಬಲನ್ನು ನಾನು ಹಾಕಿರಲಿಲ್ಲವೆಂದಲ್ಲ. 5, 12 ಮತ್ತು 25ನೇ ತಾರೀಖುಗಳನ್ನಿಟ್ಟುಕೊಂಡು ಹಾಕಿದ್ದೆ. ಗುರುಗಳ ಪ್ರಶ್ನೆಯನ್ನು ನಾಲ್ಕು ವರ್ಷ ಕೇಳಿಸಿಕೊಂಡವಳು ಮೊದಲ ಕೆಲಸದಲ್ಲೇ ಅದನ್ನು ಕೇಳಿಕೊಳ್ಳದೆ ಹೋಗಿದ್ದೆ. ಬದಲಾಯಿಸಬೇಕಾದದ್ದು ಒಂದು ಚಿಹ್ನೆ ಮಾತ್ರ, ‘10ಕ್ಕಿಂತ ಕಡಿಮೆ’ ಎಂದಿದ್ದದ್ದು ‘10 ಅಥವಾ ಅದಕ್ಕಿಂತ ಕಡಿಮೆ’ ಎಂದಾಗಬೇಕಿತ್ತು. ಆದರೆ ಆ ಹನ್ನೊಂದು ಜನರಲ್ಲಿ ಇಬ್ಬರು ಪಿಂಚಣಿದಾರರಿದ್ದರು, ಒಬ್ಬಾಕೆ ಅಂಗನವಾಡಿಯಲ್ಲಿ ಕೆಲಸ ಮಾಡುವವರಿದ್ದರು. ರಾಯರು ಆ ರಾತ್ರಿ ನಿದ್ದೆಗೆಟ್ಟು ನೋಡದಿದ್ದರೆ ಅವರ ಹಣ ಹೋಗುತ್ತಿತ್ತು, ಹೋಯಿತೆಂದು ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಮುಂದಿನ ಎರಡು ವರ್ಷ ಯಾವ ಶಾಖೆಗೆ ಹೋದರೂ ನಾನು ಮೊದಲ ವಾರ ಯಂತ್ರವನ್ನು ತೆರೆಯದೆ ಲೆಡ್ಜರ್ ಬರೆಯುವವರ ಪಕ್ಕ ಕುಳಿತು ಅವರ ಕೆಲಸವನ್ನು ಕಲಿತೆ. ಅವರು ಯಾವ ಪುಸ್ತಕದಲ್ಲೂ ಇಲ್ಲದ ಎಷ್ಟೋ ಸಂಗತಿಗಳನ್ನು ಬಲ್ಲವರಾಗಿದ್ದರು. ನಮ್ಮ ಕಾಲದ ಗಣಕೀಕರಣ ಅವರ ಕೆಲಸವನ್ನು ತೆಗೆದುಕೊಂಡಿತು, ಅವರ ತಿಳಿವಳಿಕೆಯನ್ನು ಬರೆದಿಟ್ಟುಕೊಳ್ಳಲಿಲ್ಲ. ಇದು ನನಗೆ ಇಂದಿಗೂ ನೋವಿನ ವಿಷಯ.

1990ರಿಂದ 1995ರವರೆಗಿನ ವರ್ಷಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಡಿಬೇಸ್ ಹೋಗಿ ಫಾಕ್ಸ್‌ಪ್ರೋ ಬಂತು, ಡಾಸ್ ಇದ್ದ ಕಡೆ ಯುನಿಕ್ಸ್ ಬಂತು, ಸಿ ಭಾಷೆ ಮತ್ತು ಒರಾಕಲ್ ಕಲಿತೆ. ಒಂದು ಕಾರ್ಖಾನೆಯ ಸಂಬಳದ ಪಟ್ಟಿ, ಒಂದು ಆಸ್ಪತ್ರೆಯ ಔಷಧಿ ದಾಸ್ತಾನು, ಒಂದು ಸಾರಿಗೆ ಸಂಸ್ಥೆಯ ಬಿಡಿಭಾಗಗಳ ಲೆಕ್ಕ ಹೀಗೆ ಕೆಲಸಗಳು ಬದಲಾದವು. ಮದುವೆಯಾಯಿತು, ಮಗಳು ಹುಟ್ಟಿದಳು. ಅವಳಿಗೆ ಒಂದು ವರ್ಷವಾಗುವವರೆಗೆ ತುಮಕೂರಿನ ತವರಿನಲ್ಲಿದ್ದು ಬೆಳಗಿನ ರೈಲಿಗೆ 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿಬರುತ್ತಿದ್ದೆ, ರೈಲಿನಲ್ಲಿ ಸೀಟು ಸಿಕ್ಕಿದ ದಿನ ಕೈಪಿಡಿ ಓದುತ್ತಿದ್ದೆ.

1996ರಲ್ಲಿ 2000ನೇ ಇಸವಿಯ ಸಮಸ್ಯೆಯ ಕೆಲಸಕ್ಕೆ ಸೇರಿದೆ. ಇಂದಿನ ವಿದ್ಯಾರ್ಥಿಗಳಿಗೆ ಇದು ದಂತಕಥೆಯಂತೆ ಕೇಳಿಸಬಹುದು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ರಂಧ್ರ ಹೊಡೆದ ಕಾರ್ಡುಗಳಲ್ಲಿ ಮಾಹಿತಿ ಇಡುತ್ತಿದ್ದ ಕಾಲದಲ್ಲಿ ಒಂದು ದಾಖಲೆಗೆ 80 ಅಕ್ಷರಗಳ ಜಾಗ ಮಾತ್ರವಿದ್ದುದರಿಂದ ಇಸವಿಯ ಮೊದಲ ಎರಡು ಅಂಕಿಗಳನ್ನು ಬರೆಯದೆ ಬಿಡುವುದು ವಾಡಿಕೆಯಾಗಿತ್ತು. ಕಾರ್ಡು ಹೋಗಿ ಟೇಪು, ಟೇಪು ಹೋಗಿ ಡಿಸ್ಕು ಬಂದರೂ ವಾಡಿಕೆ ಉಳಿಯಿತು. 99ರ ಮುಂದಿನ ವರ್ಷ 00 ಆದಾಗ ಯಂತ್ರ ಅದನ್ನು 1900 ಎಂದುಕೊಳ್ಳುತ್ತದೆ. ನಮಗೆ ಬಂದದ್ದು ಅಮೆರಿಕದ ಒಂದು ವಿಮಾ ಕಂಪನಿಯು ಕೋಬಾಲ್ ಎಂಬ ಹಳೆಯ ಭಾಷೆಯಲ್ಲಿ ಬರೆಸಿದ್ದ ಪ್ರೋಗ್ರಾಮುಗಳು, ಕೆಲವು ನಾನು ಒಂದನೇ ತರಗತಿಗೆ ಸೇರುವ ಮೊದಲೇ ಬರೆದವು. ಅವರ ರಾತ್ರಿ ನಮ್ಮ ಹಗಲಾದ್ದರಿಂದ ಅವರ ಮೇನ್‌ಫ್ರೇಮ್, ಅಂದರೆ ದೊಡ್ಡ ಕಂಪ್ಯೂಟರ್, ಬಿಡುವಾಗಿದ್ದ ಹೊತ್ತಿನಲ್ಲಿ ಉಪಗ್ರಹ ಸಂಪರ್ಕದ ಮೂಲಕ ನಾವು ಬೆಂಗಳೂರಿನಲ್ಲಿ ಕುಳಿತು ಅದನ್ನು ಬಳಸುತ್ತಿದ್ದೆವು. ಸುಲಭದ ಪರಿಹಾರವೆಂದರೆ 00ರಿಂದ 49ರವರೆಗಿನದನ್ನು 2000ದ ಶತಮಾನಕ್ಕೂ, 50ರಿಂದ 99ರವರೆಗಿನದನ್ನು 1900ರ ಶತಮಾನಕ್ಕೂ ಸೇರಿಸಿ ಓದುವಂತೆ ಮಾಡುವುದು. ವಿಮೆಯಲ್ಲಿ ಅದು ನಡೆಯುವುದಿಲ್ಲ. ಒಂದೇ ಕಡತದಲ್ಲಿ 1928ರಲ್ಲಿ ಹುಟ್ಟಿದ ಪಾಲಿಸಿದಾರರೂ 2028ರಲ್ಲಿ ಅವಧಿ ಮುಗಿಯುವ ಪಾಲಿಸಿಯೂ ಇರುತ್ತದೆ, ಎರಡೂ ಕಡೆ ಬರೆದಿರುವುದು 28. ಆದ್ದರಿಂದ ಪ್ರತಿ ಕಡತದಲ್ಲೂ ಇಸವಿಯ ಮನೆಯನ್ನು ಎರಡರಿಂದ ನಾಲ್ಕಕ್ಕೆ ಅಗಲಿಸಿ, ಅದನ್ನು ಓದುವ ಪ್ರತಿ ಪ್ರೋಗ್ರಾಮನ್ನೂ ತಿದ್ದಬೇಕಾಯಿತು.

ಅಲ್ಲಿ ನನಗೆ ವಹಿಸಿದ ಕೆಲಸ ಫೆಬ್ರವರಿ 29ರದು. ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, ಆದರೆ ನಾನೂರರಿಂದ ಭಾಗವಾದರೆ ಅಧಿಕ ವರ್ಷ. ಹಾಗಾಗಿ 1900 ಅಲ್ಲ, 2000 ಹೌದು. ನಾಲ್ಕರಿಂದ ಭಾಗವಾದರೆ ಸಾಕು ಎಂದಷ್ಟೇ ತಿಳಿದು ಬರೆದವರ ಪ್ರೋಗ್ರಾಮುಗಳು 2000ಕ್ಕೆ ಸರಿಯಾಗಿಯೇ ನಡೆಯುತ್ತಿದ್ದವು, ನಿಯಮದ ಅರ್ಧವನ್ನು ಬಲ್ಲವರ ಪ್ರೋಗ್ರಾಮುಗಳೇ ತಪ್ಪುತ್ತಿದ್ದವು. ಈ ಬಾರಿ ನಾನು ಗಡಿಯಿಂದಲೇ ಆರಂಭಿಸಿದೆ: 1999ರ ಡಿಸೆಂಬರ್ 31, 2000ದ ಜನವರಿ 1, ಫೆಬ್ರವರಿ 28, 29, ಮಾರ್ಚ್ 1, ಡಿಸೆಂಬರ್ 31. ಪ್ರತಿಯೊಂದಕ್ಕೂ ಕಾಗದದ ಮೇಲೆ ಟೇಬಲ್ ಹಾಕಿಸಿ, ಅದನ್ನು ಯಂತ್ರದ ಉತ್ತರದೊಂದಿಗೆ ತಾಳೆ ನೋಡುವ ಪದ್ಧತಿಯನ್ನು ನನ್ನ ಗುಂಪಿನ ಎಂಟು ಜನರಿಗೂ ಕಲಿಸಿದೆ. 1999ರ ಕೊನೆಯ ರಾತ್ರಿಯನ್ನು ಕಚೇರಿಯಲ್ಲಿ ಕಳೆದೆವು; ನ್ಯೂಜಿಲೆಂಡಿನಿಂದ ಮೊದಲುಗೊಂಡು ಮಧ್ಯರಾತ್ರಿ ಪಶ್ಚಿಮಕ್ಕೆ ಸರಿಯುತ್ತ ಬಂದಂತೆ ಎಲ್ಲೂ ದೊಡ್ಡ ಅನಾಹುತವಾಗಲಿಲ್ಲವೆಂದು ಸುದ್ದಿ ಬರುತ್ತಿತ್ತು. ಏನೂ ಆಗಲಿಲ್ಲ, ಅದೊಂದು ಸುಳ್ಳು ಭೀತಿ ಎಂದು ಜನ ಈಗಲೂ ಹೇಳುವುದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಏನೂ ಆಗದಂತೆ ಮಾಡಲು ಎಷ್ಟೋ ಜನ ವರ್ಷಗಟ್ಟಲೆ ಒಂದೊಂದು ಸಾಲನ್ನೂ ಓದಿದ್ದರು, ಕೆರೆಯ ಏರಿ ಒಡೆಯಲಿಲ್ಲವೆಂದರೆ ಬೇಸಿಗೆಯಲ್ಲಿ ಯಾರೋ ಮಣ್ಣು ಹಾಕಿದ್ದಾರೆಂದೇ ಅರ್ಥ.

ಆ ಕೆಲಸ ಮುಗಿದು ಎರಡು ವರ್ಷವಾಗುವಷ್ಟರಲ್ಲಿ ನನ್ನ ಕೆಲಸ ಹೋಯಿತು. ಅಮೆರಿಕದ ಮಾರುಕಟ್ಟೆ ಕುಸಿದು ಕೆಲಸಗಳು ಬರುವುದು ನಿಂತಾಗ, ನಾನಿದ್ದ ಸಂಸ್ಥೆ ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಗುಂಪಿನ ಅರ್ಧದಷ್ಟು ಜನರನ್ನು ತೆಗೆದುಹಾಕಿತು. ನನಗಾಗ 36 ವರ್ಷ, ಮಗಳಿಗೆ 8. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ತುಮಕೂರಿಗೆ ಬಂದೆ. ಕೋಬಾಲ್ ಬಲ್ಲ ನಡುವಯಸ್ಸಿನ ಹೆಂಗಸು ಯಾರಿಗೂ ಬೇಕಾಗಿರಲಿಲ್ಲ. ಅರ್ಜಿಗಳಿಗೆ ಉತ್ತರ ಬರುತ್ತಿರಲಿಲ್ಲ, ಬಂಧುಗಳ ಮನೆಯ ಮದುವೆಗೆ ಹೋಗಲು ಮನಸ್ಸಾಗುತ್ತಿರಲಿಲ್ಲ.

ಆ ದಿನಗಳಲ್ಲಿ ಒಮ್ಮೆ ಅಪ್ಪ ನನ್ನನ್ನು ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋದರು. ರಾಜ್ಯದ ‘ಭೂಮಿ’ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಘೋಷಿಸಲಾಗಿತ್ತು, 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಮುದ್ರಿತ ಪಹಣಿ ಸಿಗುತ್ತಿತ್ತು. ಅಪ್ಪ ಅದನ್ನು ತೆಗೆದುಕೊಂಡು, ಜೇಬಿನಲ್ಲಿದ್ದ ಹಳೆಯ ಕೈಬರಹದ ಪ್ರತಿಯನ್ನು ಬಿಚ್ಚಿ, ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ನಿಂತು ಅರ್ಧ ಗಂಟೆ ಒಂದೊಂದೇ ಕಾಲಂ ತಾಳೆ ನೋಡಿದರು: ಸರ್ವೆ ನಂಬರು, ಹಿಸ್ಸಾ, ಖರಾಬು, ಖಾತೆದಾರರ ಹೆಸರು, ವಿಸ್ತೀರ್ಣ. ಎಲ್ಲ ಸರಿಯಿತ್ತು. ವಿಸ್ತೀರ್ಣದ ಮೇಲೆ ಬೆರಳಿಟ್ಟು, “ಇದು ನಿಮ್ಮ ಮಿಷನ್ನಿಗೆ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದರು. ಅಲ್ಲಿದ್ದದ್ದು 1 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ಒಂದೂವರೆ ಎಕರೆ. ದಶಮಾಂಶವೆಂದು ಓದಿದರೆ ಒಂದೂಕಾಲಿಗೂ ಕಡಿಮೆ. 1 ಎಕರೆ 39 ಗುಂಟೆಗೆ ಒಂದು ಗುಂಟೆ ಕೂಡಿದರೆ 1 ಎಕರೆ 40 ಎಂದು ಬರಬಾರದು, 2 ಎಕರೆ ಎಂದು ಬರಬೇಕು. ಮಂಡಿಯ ಗುಮಾಸ್ತರಾಗಿದ್ದ ಅಪ್ಪ, ನನ್ನ ಗುರುಗಳನ್ನು ಎಂದೂ ನೋಡದವರು, ಅದೇ ಪ್ರಶ್ನೆಯನ್ನು ಕೇಳಿದ್ದರು. ಆ ಸಂಜೆ ನನಗೆ ಬಹಳ ದಿನಗಳ ನಂತರ ಕೆಲಸ ಮಾಡಬೇಕೆನಿಸಿತು.

ಊರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನವರು ಕೆಲವು ಕಂಪ್ಯೂಟರುಗಳನ್ನು ತಂದಿದ್ದರು, ಅಲ್ಲಿ ಪಾಠ ಹೇಳತೊಡಗಿದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಕನ್ನಡ ಬೆರಳಚ್ಚನ್ನು ಕಲಿಸುತ್ತ ನಾನೂ ಕಲಿತೆ. ಅಲ್ಲಿಗೆ ಬರುತ್ತಿದ್ದ ಮುದ್ರಣಾಲಯದ ಮಾಲೀಕರೊಬ್ಬರು ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿಕೊಡಿ ಎಂದು ಕೇಳಿದರು. ಒಂದು ಗಂಟೆಯ ಕೆಲಸವೆಂದುಕೊಂಡೆ, ಎರಡು ತಿಂಗಳು ಹಿಡಿಯಿತು. ಆಗಿನ ಕನ್ನಡ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದಂಥವು, ಆದ್ದರಿಂದ ಯಂತ್ರ ಅವನ್ನು ಕನ್ನಡದ ವರ್ಣಮಾಲೆಯಂತೆ ಜೋಡಿಸದೆ ತನ್ನ ಸಂಕೇತಗಳ ಕ್ರಮದಲ್ಲಿ ಜೋಡಿಸುತ್ತಿತ್ತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ, ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದ ಯೂನಿಕೋಡಿಗೆ ಪಟ್ಟಿಯನ್ನು ತರುವುದೊಂದೇ ದಾರಿ ಎನಿಸಿ, ಪರಿವರ್ತಿಸುವ ಪ್ರೋಗ್ರಾಂ ಬರೆಯಲು ಕುಳಿತೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅರ್ಕಾವತ್ತು. ‘ಸೂರ್ಯ’ ಎಂದು ಬರೆಯುವಾಗ ಕಣ್ಣಿಗೆ ಯಕಾರ ಮೊದಲು ಕಾಣುತ್ತದೆ, ಅರ್ಕಾವತ್ತು ಅದರ ಬಲಕ್ಕೆ ಬರುತ್ತದೆ, ಹಳೆಯ ಅಕ್ಷರಶೈಲಿಯೂ ಅದೇ ಕ್ರಮದಲ್ಲಿ ಅದನ್ನು ಇಟ್ಟಿರುತ್ತದೆ. ಉಚ್ಚಾರದಲ್ಲಿ ರೇಫೆ ಮೊದಲು, ಯೂನಿಕೋಡ್ ಅನುಸರಿಸುವುದು ಉಚ್ಚಾರವನ್ನು. ಆದ್ದರಿಂದ ಅರ್ಕಾವತ್ತನ್ನು ಕಂಡಾಗ ಅದನ್ನು ಎತ್ತಿ ಹಿಂದಕ್ಕೆ ಒಯ್ದು ಇಡಬೇಕು. ಎಷ್ಟು ಹಿಂದಕ್ಕೆ? ‘ಸೂರ್ಯ’ದಲ್ಲಿ ಒಂದು ಚಿತ್ರದಷ್ಟು; ‘ಸಾಮರ್ಥ್ಯ’ದಲ್ಲಿ ಥಕಾರವನ್ನೂ ಅದರ ಯ ಒತ್ತನ್ನೂ ದಾಟಿ; ‘ಮಾರ್ಗೋಪಾಯ’ದಲ್ಲಿ ಸ್ವರಚಿಹ್ನೆಯ ತುಂಡುಗಳನ್ನೂ ದಾಟಿ. ಅಕ್ಷರವೊಂದು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬ ಗಡಿಯನ್ನು ಯಂತ್ರಕ್ಕೆ ಹೇಳಿಕೊಡುವುದೇ ಇಡೀ ಸಮಸ್ಯೆ. ಒಂದನೇ ತರಗತಿಯಿಂದ ಬರೆಯುತ್ತ ಬಂದ ಲಿಪಿಯನ್ನು ನಾನು ನಿಜವಾಗಿ ನೋಡಿದ್ದು ಆಗ. ಮನೆಯ ಜಗಲಿಯಲ್ಲಿ ಕುಳಿತು ಒಂದೊಂದು ಹೆಸರಿಗೂ ಟೇಬಲ್ ಹಾಕಿದೆ, ಮಗಳು ಪಕ್ಕದಲ್ಲಿ ಕಾಪಿ ಬರೆಯುತ್ತಿದ್ದಳು. ನನ್ನ 36 ವರ್ಷಗಳ ಕೆಲಸದಲ್ಲಿ ಅತ್ಯಂತ ಕಡಿಮೆ ಹಣ ತಂದದ್ದೂ ಅತ್ಯಂತ ಹೆಚ್ಚು ಸಂತೋಷ ಕೊಟ್ಟದ್ದೂ ಆ ಎರಡು ತಿಂಗಳುಗಳೇ. ಆ ಪ್ರೋಗ್ರಾಮಿನ ದೆಸೆಯಿಂದಲೇ 2004ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭಾಷೆಗಳ ತಂತ್ರಾಂಶದ ಕೆಲಸ ಸಿಕ್ಕಿತು, ಅಲ್ಲಿಂದ 2007ರಲ್ಲಿ ಮತ್ತೆ ಬ್ಯಾಂಕಿಂಗ್ ತಂತ್ರಾಂಶಕ್ಕೆ ಬಂದೆ.

ಅಷ್ಟರಲ್ಲಿ ಬ್ಯಾಂಕುಗಳ ಎಲ್ಲ ಶಾಖೆಗಳೂ ಒಂದೇ ಕೇಂದ್ರ ವ್ಯವಸ್ಥೆಗೆ ಸೇರತೊಡಗಿದ್ದವು. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ 2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಗೆ ಪ್ರತಿ ದಿನದ ಶಿಲ್ಕಿನ ಮೇಲೆ ಬಡ್ಡಿ ಎಣಿಸಬೇಕೆಂದು ನಿಯಮ ಬದಲಾಯಿತು. ಆ ಬದಲಾವಣೆಯನ್ನು ಮಾಡುವ ಗುಂಪಿನಲ್ಲಿ ನಾನಿದ್ದೆ. ನಾನು ಬರೆದ ಪ್ರೋಗ್ರಾಂ ಅದಲ್ಲ, ಭಾಷೆಯೂ ಬೇರೆ, ಯಂತ್ರವೂ ಬೇರೆ; ಆದರೆ 10ನೇ ತಾರೀಖನ್ನು ನೋಡುವ ಆ ಸಾಲು ಅಲ್ಲೂ ಇತ್ತು, ಚಿಹ್ನೆ ಸರಿಯಾಗಿತ್ತು. ಅದನ್ನು ತೆಗೆಯಲು ಹೇಳಿ ಬರೆದ ಕಾಗದಕ್ಕೆ ಸಹಿ ಹಾಕುವಾಗ ನನಗೆ ರಾಯರ ಹನ್ನೊಂದು ಪೆನ್ಸಿಲ್ ಗುರುತುಗಳು ನೆನಪಾದವು. ಯಾವ ದಿನ ಕಟ್ಟಿದರೂ ಆ ದಿನದಿಂದಲೇ ಬಡ್ಡಿ ಎಂಬುದು ಬಡವರಿಗೆ ನಿಜವಾಗಿಯೂ ಒಳ್ಳೆಯದು. ಕೂಲಿ ಸಿಕ್ಕಿದ ದಿನ ಕಟ್ಟುವವರಿಗೆ ತಾರೀಖನ್ನು ಆಯ್ದುಕೊಳ್ಳುವ ಅನುಕೂಲ ಇರುವುದಿಲ್ಲ.

ಆ ತಿಂಗಳು ತುಮಕೂರಿಗೆ ಬಂದಾಗ ಸೋಮೇಶ್ವರಪುರಂನಲ್ಲಿದ್ದ ಗುರುಗಳ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು, ಕಿವಿ ಮಂದವಾಗಿತ್ತು, ನನ್ನ ಹೆಸರು ಅವರಿಗೆ ತಕ್ಷಣ ನೆನಪಾಗಲಿಲ್ಲ. 1987ರ ತಪ್ಪನ್ನು ನಾನು ಅವರಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಪೂರ್ತಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅರ್ಧ ವರ್ಷದ ಅವಧಿ ಮಾರ್ಚಿಗೆ ಮುಗಿಯದೇ ಇದ್ದರೆ ಒಂದೇ ಅವಧಿಯಲ್ಲಿ ಎರಡು ನಿಯಮ ಬರುತ್ತಲ್ಲಮ್ಮಾ, ಮಾರ್ಚ್ 31ರ ರಾತ್ರಿಯ ಶಿಲ್ಕು ಯಾವುದಕ್ಕೆ?” ಎಂದು ಕೇಳಿದರು. ನಮ್ಮ ಗುಂಪು ಮೂರು ವಾರ ಚರ್ಚಿಸಿದ್ದ ಪ್ರಶ್ನೆ ಅದೇ. ನಾವು ಕಂಡುಕೊಂಡಿದ್ದ ಉತ್ತರವನ್ನು ಅವರ ಮೇಜಿನ ಮೇಲಿದ್ದ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿ ನೋಡಿ, ಕೆಳಗೆ ಸಹಿ ಹಾಕಿದರು. ಆ ಹಾಳೆ ನನ್ನ ಬಳಿ ಇದೆ. ಅದರ ಮರುವರ್ಷ ಅವರು ತೀರಿಕೊಂಡರು.

ನನ್ನ ಕೊನೆಯ ಐದು ವರ್ಷಗಳ ಕೆಲಸ ನಮ್ಮ ಜಿಲ್ಲೆಗೇ ನನ್ನನ್ನು ಮರಳಿ ತಂದಿತು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ರೈತರು ಜಮೀನನ್ನು ಮಾರದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಕೊಟ್ಟಿದ್ದಾರೆ. ನಾನು ಕೆಲಸ ಮಾಡಿದ್ದು ಅಲ್ಲಿ ಉತ್ಪಾದನೆಯಾಗಲಿರುವ ವಿದ್ಯುತ್ತನ್ನು ಮುಂಗಡವಾಗಿ ಅಂದಾಜು ಮಾಡುವ ತಂತ್ರಾಂಶದಲ್ಲಿ. ವಿದ್ಯುತ್ ಜಾಲದವರು ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ಮಾಡಿರುತ್ತಾರೆ, ಪ್ರತಿ ಭಾಗದಲ್ಲೂ ಎಷ್ಟು ಕೊಡುತ್ತೇವೆಂದು ಮೊದಲೇ ತಿಳಿಸಬೇಕು, ಅಂದಾಜು ಮಿತಿ ಮೀರಿ ತಪ್ಪಿದರೆ ದಂಡ. ಒಂದು ಘಟಕದಲ್ಲಿ ನಮ್ಮ ಅಂದಾಜು ಬೆಳಿಗ್ಗೆ ಯಾವಾಗಲೂ ಹೆಚ್ಚಾಗಿ, ಸಂಜೆ ಯಾವಾಗಲೂ ಕಡಿಮೆಯಾಗಿ ಬರುತ್ತಿತ್ತು. ಹವಾಮಾನದ ಮಾದರಿಯನ್ನು ಬದಲಿಸಬೇಕೆಂದು ಗುಂಪಿನ ಯುವಕರು ವಾದಿಸುತ್ತಿದ್ದರು. ನಾನು ಒಂದು ದಿನದ ದತ್ತಾಂಶವನ್ನು ಮುದ್ರಿಸಿಕೊಂಡು ಕೈಯಿಂದ ನಡೆಸಿ ನೋಡಿದೆ. 10 ಗಂಟೆ 15 ನಿಮಿಷಕ್ಕೆ ಸರಿಯಾಗಿ ದಾಖಲಾದ ಮಾಪನ ಮುಗಿದ ಭಾಗಕ್ಕೆ ಸೇರಿದ್ದೆಂದು ಮೀಟರು ಹೇಳುತ್ತಿತ್ತು, ಆರಂಭವಾಗುವ ಭಾಗಕ್ಕೆ ಸೇರಿದ್ದೆಂದು ನಮ್ಮ ತಂತ್ರಾಂಶ ಓದುತ್ತಿತ್ತು. ಇಡೀ ದಿನವೇ ಒಂದು ಭಾಗದಷ್ಟು ಸರಿದುಹೋಗಿತ್ತು.

2023ರಲ್ಲಿ ನಿವೃತ್ತಳಾಗಿ ಊರಿಗೆ ಬಂದ ಮೇಲೆ ಈಗ ಗುರುವಾರ ಮಧ್ಯಾಹ್ನ ಕಾಲೇಜಿಗೆ ಬಂದು ಮೂರನೇ ವರ್ಷದ ಮಕ್ಕಳೊಂದಿಗೆ ಕೂರುತ್ತೇನೆ. ಹೋದ ವರ್ಷ ಮಧುಗಿರಿ ಕಡೆಯ ಒಬ್ಬ ವಿದ್ಯಾರ್ಥಿನಿ, ತನ್ನ ತಾಯಿಯ ಸ್ತ್ರೀಶಕ್ತಿ ಸಂಘದ ಉಳಿತಾಯ ಮತ್ತು ಸಾಲದ ಲೆಕ್ಕಕ್ಕಾಗಿ ಮೊಬೈಲಿನಲ್ಲಿ ನಡೆಯುವ ಒಂದು ಪ್ರೋಗ್ರಾಮನ್ನು ತಂದು ತೋರಿಸಿದಳು. ಬಹುಪಾಲನ್ನು ಕೃತಕ ಬುದ್ಧಿಮತ್ತೆಯ ಸಾಧನವೊಂದರಿಂದ ಬರೆಸಿದ್ದೆಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಅಚ್ಚುಕಟ್ಟಾಗಿತ್ತು. ಇಬ್ಬರೂ ಕಾಗದ ತೆಗೆದುಕೊಂಡು ಟೇಬಲ್ ಹಾಕಿದೆವು. ಕಂತು ಕಟ್ಟಬೇಕಾದ ದಿನ 5 ಎಂದಿತ್ತು, ತಡವಾದರೆ ದಂಡ. “5ರಂದೇ ಕಟ್ಟಿದರೆ?” ಎಂದು ಕೇಳಿದೆ. ಪ್ರೋಗ್ರಾಂ ದಂಡ ಹಾಕುತ್ತಿತ್ತು. ಅವಳು ಚಿಹ್ನೆಯನ್ನು ತಿದ್ದಲು ಹೋದವಳು ಕೈ ತಡೆದು, “ನಮ್ಮ ಸಂಘದಲ್ಲಿ ಹೇಗೆ ಅಂತ ಅಮ್ಮನನ್ನು ಕೇಳಿಕೊಂಡು ಬರ್ತೀನಿ ಮೇಡಂ” ಎಂದಳು.

ಮುಂದಿನ ಗುರುವಾರ ಬಂದಾಗ ಅವಳ ಬಳಿ ಹೊಸ ಹಾಳೆಯಿತ್ತು. ಅವರ ಸಂಘದಲ್ಲಿ ದಂಡಕ್ಕೂ ತಾರೀಖಿಗೂ ಸಂಬಂಧವೇ ಇಲ್ಲವಂತೆ. ವಾರದ ಸಭೆಯಲ್ಲಿ ಎಲ್ಲರೂ ಲೆಕ್ಕದ ಪುಸ್ತಕಕ್ಕೆ ಸಹಿ ಹಾಕಿ ಅದನ್ನು ಮುಚ್ಚುವವರೆಗೆ ಯಾವಾಗ ಬಂದು ಕಟ್ಟಿದರೂ ದಂಡವಿಲ್ಲ, ಕೆರೆ ಕೆಲಸಕ್ಕೆ ಹೋದವರು ಬರುವುದು ತಡವಾದರೆ ಅಂದು ಪುಸ್ತಕವನ್ನು ತಡವಾಗಿಯೇ ಮುಚ್ಚುತ್ತಾರಂತೆ. ಹಾಳೆಯ ಬಲತುದಿಯಲ್ಲಿ ಅವಳು ಇನ್ನೊಂದು ಕಾಲಂ ಎಳೆದು, ಅದರ ತಲೆಯ ಮೇಲೆ ‘ಪುಸ್ತಕ ಮುಚ್ಚಿದ ಹೊತ್ತು’ ಎಂದು ಬರೆದಿದ್ದಳು.